ಮೂಗಿನ ಟ್ಯೂಬಿಗೆ ಇಂಗ್ಲಿಷ್ ಬರಬೇಕಾ?

“ಆ ಹೆಂಗಸಿಗೆ ಸರ್ಟಿಫಿಕೇಟಾ? ನಾನು ಈ ಕುರ್ಚಿಯಲ್ಲಿ ಇರೋವರೆಗೂ ಆಗದ ಮಾತು.”

ಹೀಗೆಂದವರು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಮುಖ್ಯಸ್ಥರು. ಹೆಸರು ಬರೆಯುವ ಆಸೆ ನನಗೆ ಬಹಳ ಇದೆ. ಸಂಪಾದಕರು ಫೋನ್ ಮಾಡಿ ಬೇಡ ಎಂದಿದ್ದಾರೆ. ಹಾಗಾಗಿ ಅವರನ್ನು ಇಲ್ಲಿ ಮುಖ್ಯಸ್ಥರು ಎಂದೇ ಕರೆಯುತ್ತೇನೆ. (ಅವರಿಗೂ ಅದೇ ಇಷ್ಟ.)

‘ಆ ಹೆಂಗಸು’ ಅಂದರೆ ಸೆಲ್ವಿ. ಭದ್ರಾವತಿಯವಳು. ಅಪ್ಪ ಕಬ್ಬಿಣದ ಫ್ಯಾಕ್ಟರಿ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವನು, ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸ್ಕೂಲಿನಲ್ಲಿ ಪಿಯುಸಿವರೆಗೂ ಕನ್ನಡ ಮೀಡಿಯಂ. ಅದೇ ಆಸ್ಪತ್ರೆಯವರು ಭದ್ರಾವತಿಯಲ್ಲಿ ನಿಲ್ಲಿಸಿರುವ ಆಂಬುಲೆನ್ಸಿನಲ್ಲಿ ಏಳು ವರ್ಷದಿಂದ ಅಟೆಂಡರ್. ಸ್ಟ್ರೆಚರ್ ಎಳೆಯುವುದು, ವಾಂತಿ ಒರೆಸುವುದು, ಅಳುವವರನ್ನು ಹಿಡಿದುಕೊಳ್ಳುವುದು. ಈ ವರ್ಷ ಆಸ್ಪತ್ರೆಯವರು ತಮ್ಮ ಆಂಬುಲೆನ್ಸ್ ಸಿಬ್ಬಂದಿಗೆ ತುರ್ತು ಚಿಕಿತ್ಸೆಯ ಒಂದು ಕೋರ್ಸ್ ಇಟ್ಟರು. ಪಾಸಾದವರು ಆಂಬುಲೆನ್ಸ್ ಟೆಕ್ನಿಷಿಯನ್. ಫೇಲಾದವರು ಆಂಬುಲೆನ್ಸ್ ಬಿಟ್ಟು ಲಾಂಡ್ರಿಗೆ.

ಆ ಕೋರ್ಸಿಗೆ ಪಾಠ ಮಾಡುವ ಸಿಸ್ಟರ್ ನಾನು.

ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ, ಹೇಳಿಕೊಳ್ಳಲು ನನಗೆ ಸುಸ್ತಾಗುವುದಿಲ್ಲ. ಭದ್ರಾವತಿಯ ನಮ್ಮ ಮನೆಯಲ್ಲಿ ಅಜ್ಜ-ಮುತ್ತಜ್ಜನಿಂದ ಹಿಡಿದು ಡಿಗ್ರಿ ಅಂತ ಮುಗಿಸಿದವಳು ನಾನೊಬ್ಬಳೇ. ಬಿಎಸ್ಸಿ ನರ್ಸಿಂಗ್. ಮೊದಲ ವರ್ಷ ಅನಾಟಮಿ ಪುಸ್ತಕದ ಒಂದು ಪುಟ ಅರ್ಥವಾಗಲು ನನಗೆ ಎರಡು ದಿನ ಬೇಕಾಗುತ್ತಿತ್ತು. ಮೂಳೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು ಬಚ್ಚಲುಮನೆ ಬಾಗಿಲಿಗೆ ಅಂಟಿಸಿದ್ದೆ. ಕ್ಲಾಸಿನಲ್ಲಿ ಮೇಡಂ ಒಬ್ಬರು “ಭದ್ರಾವತಿ ಇಂಗ್ಲಿಷ್” ಎಂದು ನಗುತ್ತಿದ್ದರು. ಇರಲಿ. ಆ ಮೇಡಂಗಿಂತ ನಾನು ಹೆಚ್ಚು ಜನರ ಉಸಿರು ನೋಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಒಂದು ಟ್ಯೂಬು.

ಗೇಣಿಗಿಂತ ಚಿಕ್ಕದು. ಮೆತ್ತಗೆ ಬಾಗುತ್ತದೆ. ಒಂದು ತುದಿ ಓರೆಯಾಗಿ ಕತ್ತರಿಸಿರುತ್ತದೆ, ಇನ್ನೊಂದು ತುದಿ ಪೂರ್ತಿ ಒಳಗೆ ಜಾರಿ ಹೋಗದಂತೆ ಅಗಲವಾಗಿರುತ್ತದೆ. ಪ್ರಜ್ಞೆ ತಪ್ಪಿದವರ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದಲ್ಲ, ಆಗ ಗೊರಕೆಯಂಥ ಸದ್ದು ಬರುತ್ತದೆ. (ಜನ “ನಿದ್ದೆ ಮಾಡ್ತಿದ್ದಾನೆ, ಮಲಗಲಿ ಬಿಡಿ” ಎನ್ನುತ್ತಾರೆ. ಅದು ನಿದ್ದೆಯಲ್ಲ, ಉಸಿರಿಗೆ ದಾರಿ ಇಲ್ಲದ ಸದ್ದು.) ಬಾಯಿ ತೆರೆಯುವಂತಿದ್ದರೆ ಬಾಯಿಯ ಮೂಲಕ ದಾರಿ ಮಾಡಬಹುದು. ಹಲ್ಲು ಕಚ್ಚಿ ಹಿಡಿದಿದ್ದರೆ? ಆಗ ಮೂಗೇ ಗತಿ. ಈ ಟ್ಯೂಬಿಗೆ ಜೆಲ್ಲಿ ಸವರಿ ಮೂಗಿನ ಹೊಳ್ಳೆಯಿಂದ ಗಂಟಲಿನವರೆಗೆ ಇಳಿಸಬೇಕು. ಅಷ್ಟೇ. ಒಂದು ನಿಮಿಷವೂ ಬೇಡ.

ಕಲಿಯುವ ಎಲ್ಲರೂ ಮಾಡುವ ತಪ್ಪು ಒಂದೇ. ಮೂಗಿನ ತೂತು ಮೇಲಕ್ಕೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಯಾಕೆಂದರೆ ಕನ್ನಡಿಯಲ್ಲಿ ಹಾಗೇ ಕಾಣುತ್ತದೆ. ಮೂಗಿನ ದಾರಿ ಮೇಲಕ್ಕಿಲ್ಲ. ನೇರ ಹಿಂದಕ್ಕಿದೆ. ಮಲಗಿದ ಮನುಷ್ಯನಿಗೆ ಟ್ಯೂಬು ನೆಲದ ಕಡೆಗೆ ಹೋಗಬೇಕು, ಹಣೆಯ ಕಡೆಗಲ್ಲ.

ಸೆಲ್ವಿಗೆ ಇದನ್ನು ನಾನು ಒಂದೇ ಸಲ ಹೇಳಿದ್ದು. “ಗೊತ್ತಾಯ್ತು ಮೇಡಂ. ಮಕ್ಕಳು ಮೂಗಿಗೆ ನೀರು ಎಳ್ಕೊಂಡ್ರೆ ಗಂಟಲಿಗೆ ಬರುತ್ತಲ್ಲ, ಆ ದಾರಿ” ಎಂದಳು. ಎಂಟು ವರ್ಷದಿಂದ ನರ್ಸಿಂಗ್ ಹುಡುಗಿಯರಿಗೆ ಇದೇ ಪಾಠ ಮಾಡುತ್ತಿದ್ದೇನೆ, ನನಗೆ ಈ ಮಾತು ಹೊಳೆದಿರಲಿಲ್ಲ.

ಕೋರ್ಸಿನ ಕೊನೆಗೆ ಮೌಖಿಕ ಪರೀಕ್ಷೆ. ಮುಖ್ಯಸ್ಥರೇ ಪರೀಕ್ಷಕರು. ಟೇಬಲ್ ಮೇಲೆ ಪ್ಲಾಸ್ಟಿಕ್ ಗೊಂಬೆಯ ತಲೆ. ಸೆಲ್ವಿ ಟ್ಯೂಬನ್ನು ಮೂಗಿನ ತುದಿಯಿಂದ ಕಿವಿಯ ಹಾಲೆಯವರೆಗೆ ಹಿಡಿದು ಅಳತೆ ನೋಡಿದಳು, ಜೆಲ್ಲಿ ಸವರಿದಳು, ಇಳಿಸಿದಳು. ನೀರಿನಲ್ಲಿ ಮೀನು ಹೋದ ಹಾಗೆ ಹೋಯಿತು.

ಮುಖ್ಯಸ್ಥರು ಇಂಗ್ಲಿಷಿನಲ್ಲಿ ಕೇಳಿದರು, ಯಾರಿಗೆ ಇದನ್ನು ಹಾಕಬಾರದು?

“ತಲೆಗೆ ಜೋರಾಗಿ ಏಟು ಬಿದ್ದವರಿಗೆ ಸಾರ್. ಮೂಗಲ್ಲೋ ಕಿವೀಲೋ ರಕ್ತ, ನೀರಿನಂಥದ್ದು ಬರ್ತಿದ್ರೆ ಬುರುಡೆ ಬುಡ ಒಡೆದಿರಬಹುದು. ಟ್ಯೂಬು ದಾರಿ ತಪ್ಪಿ ಮೆದುಳಿನ ಕಡೆ ಹೋಗಿಬಿಟ್ರೆ ಕಷ್ಟ.”

ನೂರಕ್ಕೆ ನೂರು ಸರಿ.

“ಇಂಗ್ಲಿಷಲ್ಲಿ ಹೇಳಿ.”

ಸೆಲ್ವಿ ನನ್ನ ಕಡೆ ನೋಡಿದಳು. ಏನೋ ತಡವರಿಸಿದಳು. ಎರಡು ಶಬ್ದ ಬಂತು, ಮೂರನೆಯದು ಬರಲಿಲ್ಲ. ಫೇಲ್.

ಅವಳ ನಂತರ ಬಂದವಳೊಬ್ಬಳು ಪುಸ್ತಕದ ಸಾಲುಗಳನ್ನು ಇಂಗ್ಲಿಷಿನಲ್ಲಿ ಗಿಣಿಯಂತೆ ಒಪ್ಪಿಸಿದಳು. ಒಪ್ಪಿಸುತ್ತಾ ಒಪ್ಪಿಸುತ್ತಾ ಟ್ಯೂಬನ್ನು ಗೊಂಬೆಯ ಹಣೆಯ ಕಡೆಗೆ ತಳ್ಳಿದಳು. ಪಾಸ್. ಗೊಂಬೆಗೆ ನೋವಾಗುವುದಿಲ್ಲ ನೋಡಿ.

ಇದೆಲ್ಲ ನಡೆಯುವಾಗ ನಾನೆಲ್ಲಿದ್ದೆ? ಅದೇ ಟೇಬಲ್ಲಿನ ಪಕ್ಕ. ಮಾರ್ಕ್ಸ್ ಶೀಟ್ ಹಿಡಿದುಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ. ‘ಭದ್ರಾವತಿ ಇಂಗ್ಲಿಷ್’ ಎಂದು ನಗೆಗೀಡಾದವಳೇ ಬಾಯಿ ಬಿಡಲಿಲ್ಲ. ಈ ಅಂಕಣದಲ್ಲಿ ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡರೂ ಅದರಲ್ಲಿ ನನಗೂ ಒಂದು ಪಾಲಿದೆ ಎಂದು ಓದಿಕೊಳ್ಳಿ.

ಸೆಲ್ವಿಗೆ ಇನ್ನೊಂದು ಅವಕಾಶ ಇತ್ತು. ತಿಂಗಳ ಕೊನೆಗೆ ಮರುಪರೀಕ್ಷೆ. ಅದೂ ಹೋದರೆ ಲಾಂಡ್ರಿ.

ಅಷ್ಟರಲ್ಲಿ ಆ ಭಾನುವಾರ ಬಂತು.

ಭದ್ರಾವತಿಯಲ್ಲಿ ಅಕ್ಕನ ಮನೆ. ನಾನು ಶಿವಮೊಗ್ಗದ ಗೋಪಾಳದಿಂದ ಬೆಳಿಗ್ಗೆಯೇ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆಂದು ಭಾವ ಚಾಪೆಯ ಮೇಲೆ ಬಂದು ಕೂತರು. ತಟ್ಟೆ ಇನ್ನೂ ಬಂದಿರಲಿಲ್ಲ. ಕೂತವರು ಹಾಗೇ ಪಕ್ಕಕ್ಕೆ ವಾಲಿದರು. ಕೈಕಾಲು ಸೆಟೆದವು. ಫಿಟ್ಸ್.

ಭಾವನಿಗೆ ಹಳೆಯ ಕಾಯಿಲೆ ಅದು. ಲೇತ್ ಮೆಷಿನ್ ಕೆಲಸದವರು. ಮೂರು ವರ್ಷದಿಂದ ಬಂದಿಲ್ಲ, ವಾಸಿಯಾಗಿದೆ ಎಂದು ತಾವೇ ತೀರ್ಮಾನಿಸಿ ಮಾತ್ರೆ ಬಿಟ್ಟಿದ್ದರು. (“ಬರಿ ಮಾರಾಯ್ತಿ, ಬೇಡ ಅನ್ನಲ್ಲ. ಮಾತ್ರೆ ಬಿಟ್ಟಿದ್ದು ಮಾತ್ರ ಬರೀಬೇಡ” ಎಂದಿದ್ದಾರೆ. ಬರೆದಿದ್ದೇನೆ, ಭಾವ. ನಾಲ್ಕು ಜನ ಓದಿ ಮಾತ್ರೆ ಬಿಡದೆ ಇರಲಿ.)

ಪಕ್ಕದ ಮನೆಯವರು ಓಡಿ ಬಂದರು. ಒಬ್ಬರು ಬೀಗದ ಕೈ ಗೊಂಚಲು ತಂದು ಭಾವನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಮೂರನೆಯವರು ಸ್ಟೀಲ್ ಚಮಚ ಹಿಡಿದು ಹಲ್ಲಿನ ಮಧ್ಯೆ ತೂರಿಸಲು ಹೊರಟರು.

“ಚಮಚ ತೆಗೀರಿ!” ಎಂದು ಕಿರುಚಿದೆ.

“ನಾಲಿಗೆ ಕಚ್ಕೊಂಡ್ರೆ ಏನ್ ಮಾಡ್ತೀಯಮ್ಮ?”

“ಹಲ್ಲು ಮುರಿದು ಗಂಟಲಿಗೆ ಹೋದ್ರೆ ನೀವೇನ್ ಮಾಡ್ತೀರಿ?”

“ಕಬ್ಬಿಣ ಕೊಟ್ರೆ ನಿಲ್ಲುತ್ತೆ, ಎಷ್ಟು ಜನಕ್ಕೆ ನಿಂತಿದೆ ಗೊತ್ತಾ?”

ಫಿಟ್ಸ್ ಬಹಳ ಸಲ ತಾನಾಗಿ ನಿಲ್ಲುತ್ತದೆ ಸ್ವಾಮಿ, ಬೀಗದ ಕೈ ನೋಡಿ ಹೆದರಿ ನಿಲ್ಲುವುದಿಲ್ಲ. ಊರಿಗೆ ಊರೇ ಕಬ್ಬಿಣ ಕಾಯಿಸಿ ಬದುಕಿದ ಜನ ನಾವು. ಕಬ್ಬಿಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಭಾವನದು ನಿಂತಿತು. ಎಚ್ಚರವಾಗುವ ಮೊದಲೇ ಇನ್ನೊಂದು ಶುರುವಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಂದವಳು ಸೆಲ್ವಿ.

ಗಾಡಿ ಶಿವಮೊಗ್ಗದ ದಾರಿ ಹಿಡಿಯಿತು. ಹಿಂದೆ ನಾನು, ಅಕ್ಕ, ಸೆಲ್ವಿ, ಮಧ್ಯೆ ಭಾವ. ಎರಡನೆಯ ಫಿಟ್ಸಿನ ಅಲುಗಾಟ ನಿಂತಿತ್ತು, ಆದರೆ ಹಲ್ಲು ಬಿಗಿದೇ ಇತ್ತು. ಗೊರಕೆ. ತುಟಿ ನೀಲಿಗೆ ತಿರುಗುತ್ತಿತ್ತು. ಆಕ್ಸಿಜನ್ ಮಾಸ್ಕ್ ಹಾಕಿದ್ದರೂ ಬೆರಳಿಗೆ ಹಾಕಿದ ಮೀಟರಿನಲ್ಲಿ ರಕ್ತದ ಆಕ್ಸಿಜನ್ ಎಂಬತ್ತನಾಲ್ಕು. (ತೊಂಬತ್ತೈದಾದರೂ ಇರಬೇಕು.) ಎಂಬತ್ತೆರಡು. ಸೆಲ್ವಿ ಎರಡು ಕೈಯಿಂದ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿದಳು. ಎತ್ತಿದಾಗ ಉಸಿರು ಸ್ವಲ್ಪ ಸರಾಗ, ಗಾಡಿ ಕುಲುಕಿ ಕೈ ಜಾರಿದರೆ ಮತ್ತೆ ಗೊರಕೆ.

ಟ್ಯೂಬು ಬೇಕು. ನನಗೆ ಗೊತ್ತು. ಕಿಟ್ ತೆರೆದೆ. ಕವರ್ ಹರಿಯಲು ಹೋದರೆ ನನ್ನ ಬೆರಳುಗಳು ನನ್ನ ಮಾತು ಕೇಳಲಿಲ್ಲ.

ಎಷ್ಟು ಜನರಿಗೆ ಹಾಕಿದ್ದೇನೆ, ಲೆಕ್ಕವಿಲ್ಲ. ಎಷ್ಟು ಜನರಿಗೆ ಕಲಿಸಿದ್ದೇನೆ. ಆದರೆ ಅವರ್‍ಯಾರೂ ನನ್ನ ಕಾಲೇಜಿನ ಫೀಸಿಗೆ ಓವರ್‌ಟೈಮ್ ಮಾಡಿದ ಭಾವ ಆಗಿರಲಿಲ್ಲ. ಕವರ್ ಹರಿಯಲೇ ಇಲ್ಲ.

ಸೆಲ್ವಿ ನೋಡಿದಳು. “ಮೇಡಂ, ನೀವು ತಲೆ ಹಿಡ್ಕೊಳ್ಳಿ. ನಾನು ಹಾಕ್ತೀನಿ.”

“ಹಾಕು” ಎಂದೆ. ಈ ಒಂದು ಶಬ್ದಕ್ಕೆ ನಾನೇ ಜವಾಬ್ದಾರಿ, ಇವತ್ತಿಗೂ.

ಅಕ್ಕ ಅವಳ ಕೈ ಹಿಡಿದು ಎಳೆದಳು. “ಬೇಡ ಕಣೇ! ಪೈಪ್ ಹಾಕ್ಬೇಡ್ರೇ! ಪೈಪ್ ಹಾಕಿಸ್ಕೊಂಡೋರು ಯಾರೂ ವಾಪಸ್ ಬರಲ್ಲ. ನಮ್ಮ ಬೀದೀಲಿ ಇಬ್ಬರು ಹಂಗೇ ಹೋದ್ರು!”

ಇದು ಅಕ್ಕನ ಒಬ್ಬಳ ಮಾತಲ್ಲ, ಜಿಲ್ಲೆಗೆ ಜಿಲ್ಲೆಯೇ ಆಡುವ ಮಾತು. ಪೈಪ್ ಹಾಕಿದ್ದರಿಂದ ಹೋದರು ಎನ್ನುತ್ತಾರೆ. ಹೋಗುವ ಸ್ಥಿತಿಗೆ ಬಂದ ಮೇಲೆ ಪೈಪ್ ಹಾಕಿದ್ದು ಎಂದು ಅವರಿಗೆ ಯಾರೂ ಕೂರಿಸಿ ಹೇಳಿಲ್ಲ. ಹೇಳಬೇಕಾದ ನಮಗೆ ಪುರುಸೊತ್ತಿಲ್ಲ.

ಸೆಲ್ವಿಗೆ ಪುರುಸೊತ್ತಿತ್ತು. “ಅಕ್ಕಾ, ಇದು ಆ ಪೈಪ್ ಅಲ್ಲ. ಅಣ್ಣನಿಗೆ ಉಸಿರು ಬಾಗಿಲ ತನಕ ಬಂದು ನಿಂತಿದೆ. ಬಾಗಿಲು ತೆಗೀತೀನಿ ಅಷ್ಟೇ. ಕೈ ಬಿಡಿ.”

ಅಕ್ಕ ಕೈ ಬಿಟ್ಟಳು.

“ಬೀಳುವಾಗ ತಲೆಗೆ ಏಟಾಯ್ತಾ?”

“ಇಲ್ಲ. ಕೂತಲ್ಲೇ ವಾಲಿದ್ದು” ಎಂದೆ.

ಆದರೂ ಎರಡೂ ಕಿವಿಯಲ್ಲಿ, ಮೂಗಿನಲ್ಲಿ ಟಾರ್ಚ್ ಬಿಟ್ಟು ನೋಡಿದಳು. ಮೂಗಿನಿಂದ ಕಿವಿಗೆ ಅಳತೆ. ಜೆಲ್ಲಿ. ಬಲಗಡೆ ಹೊಳ್ಳೆಗೆ ಇಟ್ಟಳು. ಸ್ವಲ್ಪ ಹೋಗಿ ತಡೆಯಿತು. ತಳ್ಳಲಿಲ್ಲ. ಮೆಲ್ಲಗೆ ತಿರುಗಿಸಿ ನೋಡಿದಳು. ಹೋಗಲಿಲ್ಲ. ಹೊರಗೆ ತೆಗೆದಳು. ಎಡಗಡೆ ಇಟ್ಟಳು. ಹೋಯಿತು.

ಗೊರಕೆ ನಿಂತಿತು.

ಸಿನಿಮಾದಂತೆ ಏನೂ ಆಗಲಿಲ್ಲ. ಒಂದು ಸದ್ದು ನಿಂತಿತು, ಅಷ್ಟೇ. ಮೀಟರು ತೊಂಬತ್ತು ದಾಟಿತು. ಆಮೇಲೆ ತೊಂಬತ್ತಾರು. ಅಕ್ಕ ಭಾವನ ತುಟಿಯನ್ನೇ ನೋಡುತ್ತಾ ಕೂತಿದ್ದಳು. ಸೆಲ್ವಿ ಬೆವರು ಒರೆಸಿಕೊಳ್ಳಲಿಲ್ಲ, ದವಡೆ ಹಿಡಿದೇ ಇದ್ದಳು.

ಆಸ್ಪತ್ರೆ ಬಂತು. ಮುಖ್ಯಸ್ಥರೇ ಡ್ಯೂಟಿಯಲ್ಲಿದ್ದರು.

“ಯಾರು ಇದನ್ನ ಹಾಕಿದ್ದು?”

“ನಾನು ಸಾರ್” ಎಂದಳು ಸೆಲ್ವಿ.

“ನಾನು ಹಾಕು ಎಂದೆ ಸಾರ್” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. “ಫೇಲಾದವಳು ನೀನು. ನಿನ್ನ ಹತ್ರ ಸರ್ಟಿಫಿಕೇಟ್ ಇದೆಯಾ?” ಎನ್ನುತ್ತಾ ಟ್ಯೂಬನ್ನು ಎಳೆದು ಟ್ರೇಗೆ ಎಸೆದರು.

ಗೊರಕೆ ಮತ್ತೆ ಶುರುವಾಯಿತು. ಮೀಟರು ಇಳಿಯತೊಡಗಿತು. ಈಗ ಅವರಿಗೂ ಟ್ಯೂಬು ಬೇಕಾಯಿತು. ಅದೇ ಅಳತೆಯ ಹೊಸದು ಒಡೆದರು. ಬಲಗಡೆಗೆ ಇಟ್ಟರು.

“ಸಾರ್, ಬಲಗಡೆ ಹೋಗಲ್ಲ. ಎಡಗಡೆ…”

“ನೀನು ಹೊರಗೆ ನಿಲ್ಲು.”

ತಳ್ಳಿದರು. ರಕ್ತ ಬಂತು. ಭಾವನ ಬಿಳಿ ಬನಿಯನ್ ಮೇಲೆಲ್ಲ. ಸಕ್ಷನ್ ಹಾಕಿ ರಕ್ತ ಎಳೆದು, ಆಮೇಲೆ ಎಡಗಡೆ ಹಾಕಿದರು. ಹೋಯಿತು. ಹೋಗದೆ ಏನು? ಏಳು ನಿಮಿಷ ಮೊದಲು ಅಲ್ಲೇ ಇತ್ತಲ್ಲ.

ನಿಮಗೆ ಯಾವುದು ದೊಡ್ಡದು ಅನಿಸುತ್ತದೆ? ಆ ರಕ್ತವೋ, ‘ಹೊರಗೆ ನಿಲ್ಲು’ ಎಂಬ ಮಾತೋ? ಆ ರಕ್ತ ಎರಡು ದಿನಕ್ಕೆ ನಿಂತಿತು.

ಭಾವ ಮೂರನೆಯ ದಿನ ಮನೆಗೆ ಬಂದರು. ನಾಲ್ಕನೆಯ ದಿನ ಸೆಲ್ವಿಗೆ ಮುಖ್ಯಸ್ಥರ ಸಹಿಯ ಮೆಮೊ ಬಂತು. ಅರ್ಹತೆ ಇಲ್ಲದೆ ರೋಗಿಯ ಮೂಗಿಗೆ ಟ್ಯೂಬು ಹಾಕಿದ್ದರಿಂದ ಅವಳನ್ನು ಮರುಪರೀಕ್ಷೆಗೆ ಸೇರಿಸುವುದಿಲ್ಲ, ಒಂದನೇ ತಾರೀಖಿನಿಂದ ಲಾಂಡ್ರಿಗೆ ಹಾಜರಾಗಬೇಕು. ಮೆಮೊ ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ನನ್ನ ಹತ್ತಿರ ಓದಿಸಿಕೊಂಡಳು. ಓದಿ ಮುಗಿಸಿದ ಮೇಲೆ ಕೇಳಿದ್ದು ಒಂದೇ ಮಾತು: “ಅಣ್ಣ ಹುಷಾರಾಗಿದ್ದಾರಾ ಮೇಡಂ?”

ನಾನು ಮುಖ್ಯಸ್ಥರ ಕೋಣೆಗೆ ಹೋದೆ. ಹಾಕು ಎಂದವಳು ನಾನು, ಮೆಮೊ ನನಗೆ ಕೊಡಿ ಎಂದೆ. ಅವರು ನಕ್ಕರು. “ನೀವು ಕ್ವಾಲಿಫೈಡ್ ಸಿಸ್ಟರ್. ಸುಮ್ಮನೆ ಅವಳ ಜೊತೆ ಯಾಕೆ ಸೇರ್ತೀರಿ?” ಅವಳಿಗೆ ಮರುಪರೀಕ್ಷೆ ಕೊಡಿ, ಪಾಸಾದರೆ ಸರ್ಟಿಫಿಕೇಟ್ ಕೊಡಿ ಎಂದೆ. ಆಗ ಬಂದದ್ದೇ ನಾನು ಶುರುವಿನಲ್ಲಿ ಬರೆದ ಮಾತು. ಕುರ್ಚಿ, ಆಗದ ಮಾತು ಇತ್ಯಾದಿ.

ಅವರು ನನ್ನನ್ನು ಮೇಲೆ ಕೂರಿಸಿ ಅವಳನ್ನು ಕೆಳಗಿಟ್ಟರಲ್ಲ, ಅದು ನನ್ನ ಮೈ ಉರಿಸಿತು. ಇಡೀ ಆಯುಷ್ಯ ಕೆಳಗೆ ನಿಂತು ಮೇಲೆ ನೋಡಿದವಳು ನಾನು. ಒಂದು ಡಿಗ್ರಿ ಬಂತೆಂದು ಮೆಟ್ಟಿಲು ಮರೆತುಬಿಡಬೇಕಾ?

ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕ ಏಳನೇ ಕ್ಲಾಸು. ಅವಳು ಕೇಳಿದ್ದು ನನಗೆ ಹೊಳೆದೇ ಇರಲಿಲ್ಲ. “ಇವ್ರಿಗೆ ಅಲ್ಲಿ ಏನೇನು ಮಾಡಿದ್ರು ಅಂತ ಬರೆದಿರ್ತಾರಲ್ಲ, ಆ ಪೇಪರ್ ನಮಗೆ ಕೊಡ್ತಾರಾ?”

ಕೊಡಬೇಕು. ಕೇಸ್ ಶೀಟಿನ ಪ್ರತಿ ಕೇಳುವ ಹಕ್ಕು ರೋಗಿಗಿದೆ. ಅಕ್ಕ ಭಾವನಿಂದ ಅರ್ಜಿ ಬರೆಸಿ, ಸಹಿ ಹಾಕಿಸಿಕೊಂಡು ಮೂರು ಸಲ ಬಸ್ಸಿನಲ್ಲಿ ಹೋಗಿ, ಕೌಂಟರಿನಲ್ಲಿ ನಿಂತು ತಂದಳು. ಅದರಲ್ಲಿ ಹೀಗೆ ಬರೆದಿತ್ತು: ರೋಗಿ ಬಂದಾಗ ಉಸಿರಿನ ದಾರಿಗೆ ಯಾವ ಸಾಧನವೂ ಇರಲಿಲ್ಲ, ಮೂಗಿನ ಟ್ಯೂಬನ್ನು ಎಮರ್ಜೆನ್ಸಿಯಲ್ಲಿ ಹಾಕಲಾಯಿತು. ಕೆಳಗೆ ಮುಖ್ಯಸ್ಥರ ಸಹಿ.

ಓದಿದಿರಲ್ಲ? ಯಾವ ಸಾಧನವೂ ಇರಲಿಲ್ಲವಂತೆ!

ಹಾಗಾದರೆ ಸೆಲ್ವಿ ಟ್ಯೂಬೇ ಹಾಕಿಲ್ಲ. ಹಾಕಿಲ್ಲ ಎಂದ ಮೇಲೆ ಮೆಮೊ ಯಾಕೆ? ಹಾಕಿದ್ದಾಳೆ ಎಂದರೆ ಕೇಸ್ ಶೀಟು ಸುಳ್ಳು. ಬೈಯಲು ಸೆಲ್ವಿ ಇರಬೇಕು, ಜೀವ ಉಳಿಸಿದ ಲೆಕ್ಕದಲ್ಲಿ ಸೆಲ್ವಿ ಇರಬಾರದು. ಎರಡು ಕಾಗದ, ಒಂದೇ ಸಹಿ.

ಎರಡನ್ನೂ ಅಕ್ಕಪಕ್ಕ ಇಟ್ಟು ಆಡಳಿತದವರಿಗೆ ಕೊಟ್ಟೆವು. ನಾನು, ಅಕ್ಕ, ರಕ್ತದ ಬನಿಯನ್ ಸಮೇತ ಭಾವ. (ಒಗೆದಿರಲಿಲ್ಲ. ಅಕ್ಕನ ಕೆಲಸ.) ನಾವು ಕೂಗಾಡಲಿಲ್ಲ. ‘ಇವೆರಡರಲ್ಲಿ ನಿಜ ಯಾವುದು ಹೇಳಿ, ಸುಳ್ಳಾಗಿದ್ದನ್ನು ಹರಿದು ಹಾಕಿ’ ಎಂದಷ್ಟೇ ಕೇಳಿದೆವು. ಆಡಳಿತದವರು ಒಂದು ವಾರ ತಗೊಂಡರು. ಕೇಸ್ ಶೀಟಿಗೆ ತಿದ್ದುಪಡಿ ಬಂತು. ಮೆಮೊ ವಾಪಸಾಯಿತು. ಸೆಲ್ವಿಗೆ ಮರುಪರೀಕ್ಷೆ, ಪ್ರಶ್ನೆ ಕೇಳಲು ಹೊರಗಿನಿಂದ ಒಬ್ಬ ಹಿರಿಯ ಅರಿವಳಿಕೆ ವೈದ್ಯೆ.

ಆ ದಿನ ಸೆಲ್ವಿ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದಳು. ಅಂಗೈಯಲ್ಲಿ ಇಂಗ್ಲಿಷ್ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು, ಬೆವರಿಗೆ ಅಳಿಸಿಹೋಗಿತ್ತು. ಮೊದಲ ಪ್ರಶ್ನೆಗೇ ತಡವರಿಸಿದಳು. ಮುಖ್ಯಸ್ಥರು ಮೂಲೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಈ ಸಲ ನಾನು ಬಾಯಿ ಬಿಟ್ಟೆ. “ಮೇಡಂ, ಇವಳು ಕಲಿತದ್ದು ಕನ್ನಡದಲ್ಲಿ. ಕಲಿಸಿದವಳು ನಾನು. ಕನ್ನಡದಲ್ಲಿ ಕೇಳಿ.”

ಆ ವೈದ್ಯೆ ಕನ್ನಡಕ ತೆಗೆದು ನೋಡಿದರು. “ಅದಕ್ಕೇನಂತೆ? ಕನ್ನಡದಲ್ಲೇ ಹೇಳಮ್ಮ. ಪೇಷಂಟ್ ಏನು ಇಂಗ್ಲಿಷಲ್ಲಿ ಗೊರಕೆ ಹೊಡೀತಾನಾ?”

ಆಮೇಲೆ ಸೆಲ್ವಿಯನ್ನು ತಡೆಯಲು ಆಗಲಿಲ್ಲ. ಅಳತೆ, ಜೆಲ್ಲಿ, ಯಾರಿಗೆ ಹಾಕಬಾರದು, ಹಾಕಿದ ಮೇಲೂ ದವಡೆ ಯಾಕೆ ಹಿಡಿದಿರಬೇಕು, ಎಲ್ಲ ಹೇಳಿದಳು. ಕೊನೆಯ ಪ್ರಶ್ನೆ: “ಒಂದು ಕಡೆ ಒಳಗೆ ಹೋಗಲಿಲ್ಲ ಅಂದ್ರೆ?”

“ಬಲವಂತ ಮಾಡಲ್ಲ ಮೇಡಂ. ತೆಗೆದು ಇನ್ನೊಂದು ಕಡೆ ನೋಡ್ತೀನಿ. ಆಸ್ಪತ್ರೆಗೆ ಬಂದ ಮೇಲೆ ಯಾವ ಕಡೆ ಹೋಗಲಿಲ್ಲ ಅಂತ ಡಾಕ್ಟರಿಗೆ ಹೇಳ್ತೀನಿ.” ಮೂಲೆಯ ಕಡೆ ನೋಡಿದಳು. “ಕೇಳಿಸ್ಕೊಂಡ್ರೆ.”

ಮೂಲೆಯ ಕುರ್ಚಿಯಲ್ಲಿ ಕಾಲು ಕೆಳಗಿಳಿಯಿತು.

ಪಾಸ್.

ಸರ್ಟಿಫಿಕೇಟ್ ಕೊಡುವ ಕೆಲಸವನ್ನು ಆಡಳಿತದವರು ಮುಖ್ಯಸ್ಥರಿಗೇ ವಹಿಸಿದ್ದರು. (ದೇವರಿದ್ದಾನೆ.) ಕಳೆದ ಸೋಮವಾರ ಅವರದೇ ಕೋಣೆಯಲ್ಲಿ. ಅಕ್ಕ ಕೂಡ ಬಂದಿದ್ದಳು, ಯಾರೂ ಕರೆದಿರಲಿಲ್ಲ. ಮುಖ್ಯಸ್ಥರು ಫೋಟೊಗೆಂದು ನಕ್ಕು, ಸರ್ಟಿಫಿಕೇಟನ್ನು ಸೆಲ್ವಿಯ ಕೈಗಿಟ್ಟು, “ಇನ್ನು ಧೈರ್ಯವಾಗಿ ಹಾಕಮ್ಮ. ಈಗ ನಿನ್ನ ಹತ್ರ ಪೇಪರ್ ಇದೆ” ಎಂದರು. ಸೆಲ್ವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಸಾರ್ ಎನ್ನುವ ಮೊದಲೇ ಅಕ್ಕ ಬಾಯಿ ಹಾಕಿದಳು.

“ಈ ಪೇಪರ್ ಬರ್ಲಿ ಅಂತ ಇವಳು ಅವತ್ತು ಕಾದಿದ್ರೆ, ನನ್ನ ಗಂಡನ ಡೆತ್ ಸರ್ಟಿಫಿಕೇಟಿಗೆ ನಿಮ್ಮ ಸಹಿ ಬೇಡ್ಕೊಂಡು ಇದೇ ಕೋಣೇಲಿ ನಿಂತಿರ್ತಿದ್ದೆ ಸಾರ್, ಆವಾಗ್ಲೂ ಹಿಂಗೇ ನಗ್ತಿದ್ರಾ?”